ದೇಹದೊಳಗಿನ ಸೋಸುಕ

ಮಕ್ಕಳೇ, ಅಜ್ಜಿ ಚಹಾ ಸೋಸುವುದನ್ನು ನೋಡಿದ್ದೀರಲ್ಲ? ನಮ್ಮ ಮೂತ್ರಪಿಂಡಗಳೂ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಚಹಾಪುಡಿ ಜರಡಿಯಲ್ಲೇ ಉಳಿಯುವಂತೆ ರಕ್ತಕಣಗಳು ರಕ್ತದಲ್ಲೇ ಉಳಿಯುತ್ತವೆ.

ಈ ಸೋಸುವ ಪೊರೆಗೆ ಬಲ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನ್. ಕೆಲವು ಕುಟುಂಬಗಳಲ್ಲಿ ಅದರ ಜೀನ್‌ನಲ್ಲೇ ದೋಷವಿದ್ದು, ಮೂತ್ರಕ್ಕೆ ರಕ್ತ ಸೋರುತ್ತದೆ, ಕಿವಿಯೂ ಮಂದವಾಗಬಹುದು. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಎಂಬ ವೈದ್ಯರು ಒಂದೇ ಕುಟುಂಬದ ಹಲವರಲ್ಲಿ ಇವೆರಡನ್ನೂ ಗುರುತಿಸಿದರು. ಕಾರಣವಾದ ಮೊದಲ ಜೀನ್ ಪತ್ತೆಯಾದದ್ದು 1990ರಲ್ಲಿ.

ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ. ಬೇಗ ತಿಳಿದರೆ ಮಾತ್ರೆಗಳಿಂದ ಮೂತ್ರಪಿಂಡದ ಹಾನಿಯನ್ನು ಮುಂದೂಡಬಹುದು. ಅಜ್ಜ ಅಜ್ಜಿಯರೇ, ನಿಮ್ಮ ಬಳಗದಲ್ಲಿ ಯಾರಿಗಾದರೂ ಎಳೆವಯಸ್ಸಿನಲ್ಲೇ ಕಿಡ್ನಿ ಕೆಟ್ಟು ಕಿವಿ ಮಂದವಾಗಿತ್ತೇ? ಮುಚ್ಚಿಡದೆ ವೈದ್ಯರಿಗೆ ಹೇಳಿ, ಮೊಮ್ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಿ.