ಆಸರೆಗೂ ಅರ್ಹತೆ ಬೇಕೇ?

ಗೋಕಾಕದಿಂದ ಕೊಲ್ಹಾಪುರಕ್ಕೆ ರೈಲಲ್ಲಿ ಹೋಗುವಾಗ ವಳಿವಡೆ ಬರುತ್ತೆ. 1943ರಿಂದ ಅಲ್ಲಿ ಸುಮಾರು 5000 ಪೋಲೆಂಡ್ ನಿರಾಶ್ರಿತರಿದ್ದರು. ನಮ್ಮ ನೆಲ ದೊಡ್ಡದು ಅಂತ ನನಗೆ ಹೆಮ್ಮೆಯಿತ್ತು. ಬೆಂಗಳೂರಿನ ಕಥೆ ಓದಿದ ಮೇಲೆ ಅದು ಸ್ವಲ್ಪ ಇಳಿದಿದೆ.

ಯಹೂದಿ ಮೂಲದವರೆಂದು 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನು ಸಿ.ವಿ. ರಾಮನ್ 1935ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿದರು. ಕಾಯಂ ಮಾಡಿಸಲು ಹೊರಟಾಗ ಒಬ್ಬ ಇಂಗ್ಲಿಷ್ ಪ್ರೊಫೆಸರು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯವರು ನಮಗೆ ಬೇಡ ಅಂದರಂತೆ, ಅದೂ ಸಭೆಯಲ್ಲಿ, ಬಾರ್ನ್ ಎದುರಿಗೇ! 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ಛೇ, ನೊಬೆಲ್ ಕೈತಪ್ಪಿತು ಅಂತ ಮರುಗೋದು ಸುಲಭ. ನನ್ನ ತಕರಾರು ಬೇರೆ. ನೊಬೆಲ್ ಬರದಿದ್ದರೆ ಆ ಮಾತು ಸರಿಯಾಗಿಬಿಡುತ್ತಿತ್ತಾ?

1939ರಲ್ಲಿ ಬಾರ್ನ್ ಸೋದರಳಿಯ, ಆರ್ಕಿಟೆಕ್ಟ್ ಆಟೊ ಕೋನಿಗ್ಸ್‌ಬರ್ಗರ್‌ಗೆ ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. ಕರೆಯೋಕೆ ದಿವಾನ್ ಮಿರ್ಜಾ ಇಸ್ಮಾಯಿಲ್ ಇದ್ದರು. ಡಿಗ್ರಿಯೂ ಇಲ್ಲದ, ದಿವಾನರ ಪರಿಚಯವೂ ಇಲ್ಲದ ಯಹೂದಿ ದರ್ಜಿ ಯಾರ ಬಾಗಿಲು ತಟ್ಟಬೇಕಿತ್ತು?

ರೆಸ್ಯೂಮೆ ತೋರಿಸಿ ವೀಸಾ ಪಡೆಯೋ ನಮ್ಮಂಥ ಇಂಜಿನಿಯರುಗಳಿಗೆ ಇದು ಬೇಗ ಹೊಳೆಯಲ್ಲ. ಕೆಲಸಕ್ಕೆ ಅರ್ಹತೆ ಕೇಳಿ, ಸರಿ. ಜೀವ ಉಳಿಸಿಕೊಳ್ಳಲು ಬಂದವರನ್ನೂ ಅದನ್ನೇ ಕೇಳೋದಾ?

ನೀವೇನಂತೀರಿ?