ಹಾಲುಹಲ್ಲಿಗೆ ಅಂಕ ಹಾಕುವವರು

ಹಾಲುಹಲ್ಲು ಬಿದ್ದರೆ ನಮ್ಮ ಮಕ್ಕಳಿಗೆ ಸಡಗರ. ಅಮೆರಿಕದ ಟಿಎಲ್‌ಸಿ ವಾಹಿನಿ 2009ರಲ್ಲಿ ಶುರು ಮಾಡಿದ ‘ಟಾಡ್ಲರ್ಸ್ ಅಂಡ್ ಟಿಯಾರಾಸ್’ ಎಂಬ ಮಕ್ಕಳ ಸೌಂದರ್ಯ ಸ್ಪರ್ಧೆಗಳ ರಿಯಾಲಿಟಿ ಶೋನಲ್ಲಿ ಅದೇ ಒಂದು ಊನ. ಹಲ್ಲಿನ ಸಂದು ತೀರ್ಪುಗಾರರಿಗೆ ಕಾಣದಿರಲೆಂದು ಪುಟ್ಟ ಬಾಯಿಗಳಿಗೆ ಕೃತಕ ಹಲ್ಲಿನ ಪಟ್ಟಿ ತೊಡಿಸುತ್ತಿದ್ದರು. ಜೊತೆಗೆ ಅಂಟು ರೆಪ್ಪೆ, ಚೌರಿ ಕೂದಲು, ಮೈಗೆಲ್ಲ ಬಣ್ಣದ ಸ್ಪ್ರೇ. ಇದಕ್ಕಿಂತ ಜಾಣತನವಿದ್ದದ್ದು ಎಡಿಟಿಂಗ್‌ನಲ್ಲಿ. ಮಗು ಅತ್ತರೆ ಕ್ಯಾಮೆರಾ ತಾಯಿಯ ಕಡೆ ತಿರುಗುತ್ತಿತ್ತು. ‘ಎಂಥಾ ತಾಯಿಯಪ್ಪಾ!’ ಎಂದು ಬಯ್ದು ನೋಡುಗರು ಹಗುರಾದರು. ಅಳುವ ಮಗುವನ್ನು ದುಡ್ಡು ಕೊಟ್ಟು ಚಿತ್ರಿಸಿದವರನ್ನು ಕೇಳಿದವರು ಕಡಿಮೆ.

ಅದಕ್ಕೂ ಬೆಂಗಳೂರಿನ ನಮ್ಮ ಲಗ್ಗೆರೆಗೂ ಏನು ಸಂಬಂಧ ಎನ್ನಬೇಡಿ. 1996ರಲ್ಲಿ ಬೆಂಗಳೂರಿಗೆ ವಿಶ್ವಸುಂದರಿ ಸ್ಪರ್ಧೆ ಬಂದಾಗ ರೈತರೂ ಮಹಿಳಾ ಸಂಘಟನೆಗಳೂ ಬೀದಿಗಿಳಿದರು. ಈಜುಡುಗೆ ಸುತ್ತು ಸೆಶೆಲ್ಸ್ ದ್ವೀಪಕ್ಕೆ ಹೋಯಿತು. ಆ ವೇದಿಕೆ ಹತ್ತಿದವರು ತಮ್ಮಿಷ್ಟದಿಂದ ಬಂದ ಯುವತಿಯರು. ಈಗ ಐದು ವರ್ಷದ ಮಗು ಟೀವಿಯಲ್ಲಿ ತುಟಿ ಕಚ್ಚಿ ಸೊಂಟ ಕುಣಿಸಿದರೆ ನಾವು ‘ಸೋ ಕ್ಯೂಟ್’ ಎನ್ನುತ್ತೇವೆ! ಡ್ಯಾನ್ಸ್ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ ತೋರಿಸಬೇಡಿ ಎಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ವಾಹಿನಿಗಳಿಗೆ ಹೇಳಬೇಕಾಯಿತು.

ಮಕ್ಕಳು ಪರದೆಗೆ ಬರಲೇಬಾರದು ಎನ್ನುವವನಲ್ಲ ನಾನು. ಲಗ್ಗೆರೆಯ ಮಗ್ಗುಲಲ್ಲೇ ಕಂಠೀರವ ಸ್ಟುಡಿಯೊ ಇದೆ. ಅಲ್ಲಿ ಚಿರನಿದ್ರೆಯಲ್ಲಿ ಮಲಗಿರುವ ನಟ ಪುನೀತ್ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಾಗ ಇನ್ನೂ ಬಾಲಕ. ಪುಸ್ತಕ ಕೊಳ್ಳಲು ಕಾಡುಹೂ ಹುಡುಕುವ ಬಡ ಹುಡುಗನ ಹಂಬಲವನ್ನು ಆ ಕ್ಯಾಮೆರಾ ಅವನಿಂದ ಕೇಳಿತು. ಅವನ ಮೂಗಿನ ಅಂದಕ್ಕೆ ಅಂಕ ಹಾಕಲಿಲ್ಲ. ನಟನೆಯಲ್ಲಿ ಸೋತ ಮಗು ಕಲಿತು ಮತ್ತೆ ಬರಬಹುದು. ಮುಖದಲ್ಲಿ ಸೋತ ಮಗು ಏನನ್ನು ಕಲಿತು ಬರಬೇಕು, ಹೇಳಿ?

ಪೀಣ್ಯದ ಗಾರ್ಮೆಂಟ್ಸ್‌ಗೆ ದುಡಿಯಲು ಹೋಗುವ ತಾಯಿ ಇಂಥ ಸ್ಪರ್ಧೆಗೆಂದು ಓಟಿ ಹಣದಲ್ಲಿ ಮಗಳಿಗೊಂದು ಗೌನು ತಂದರೆ ಅವಳನ್ನು ಅಣಕಿಸಬೇಡಿ. ಲೈನಿನಲ್ಲಿ ತನ್ನ ಹೆಸರನ್ನು ಬೈಗುಳದ ಜೊತೆಗೇ ಕೇಳಿದವಳು, ಮಗಳ ಹೆಸರನ್ನಾದರೂ ಯಾರೋ ಮೈಕಿನಲ್ಲಿ ಪ್ರೀತಿಯಿಂದ ಕೂಗಲಿ ಎಂದು ಆಸೆಪಟ್ಟಿದ್ದಾಳೆ. ನಮ್ಮ ಸಿಟ್ಟು ತಿರುಗಬೇಕಾದದ್ದು ಆ ಆಸೆಗೆ ಎಂಟ್ರಿ ಫೀಸು ಕಟ್ಟಿಸಿಕೊಳ್ಳುವವರ ಮೇಲೆ, ಅವಳ ಮಗಳ ಕಣ್ಣೀರಿಗೆ ಹಿನ್ನೆಲೆ ಸಂಗೀತ ಹಾಕಿ ಟಿಆರ್‌ಪಿ ಮಾಡಿಕೊಳ್ಳುವವರ ಮೇಲೆ.

ಅವರನ್ನು ಕೇಳಲು ಕಾನೂನಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಮಕ್ಕಳನ್ನು ಇಂಥ ಮನರಂಜನೆಯಲ್ಲಿ ದುಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು. ಮಗು ಒಲ್ಲೆ ಎಂದರೆ ಬಲವಂತ ಮಾಡುವಂತಿಲ್ಲ. ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು ಇದೇ.

ಆದ್ದರಿಂದ ಲಗ್ಗೆರೆಯ ಅಪ್ಪ-ಅಮ್ಮಂದಿರೇ, ಆಡಿಷನ್ನಿಗೆ ಕರೆ ಬಂದರೆ ಸಹಿ ಹಾಕುವ ಮುಂಚೆ ಅನುಮತಿ ಪತ್ರ ತೋರಿಸಿ ಎನ್ನಿ. ಮಗು ಅಳುವ ಪ್ರೋಮೊ ಬಂದರೆ ಚಾನೆಲ್ ಬದಲಿಸಿ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಗಣೇಶನ ಪೆಂಡಾಲಿನಲ್ಲೋ ರಾಜ್ಯೋತ್ಸವದ ವೇದಿಕೆಯಲ್ಲೋ ‘ಲಿಟಲ್ ಪ್ರಿನ್ಸೆಸ್’ ಕಿರೀಟ ತಂದಿಟ್ಟರೆ ಸಮಿತಿಯವರನ್ನು ಕೂರಿಸಿ ಮಾತಾಡಿ. ಆ ಹೊತ್ತನ್ನು ಹಾಡಿಗೆ, ಏಕಪಾತ್ರಾಭಿನಯಕ್ಕೆ ಕೊಡಿಸಿ.