ಸೋಲೋದಾದ್ರ ಯಾಕ ಹೋಗಬೇಕು?



ನಮ್ಮ ಸಾಲಿಯ ಹುಡುಗಿಯರ ಖೋ-ಖೋ ತಂಡ ಈ ವರ್ಷ ಮೊಟ್ಟಮೊದಲ ಸಲ ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೆಸರು ಬರೆಸಿದೆ. ನಾನೂ ಆ ತಂಡದಲ್ಲಿದ್ದೇನೆ. ಈ ಸುದ್ದಿ ಹಬ್ಬಿದ ದಿನದಿಂದ ಕಟ್ಟಿಯ ಮೇಲೆ ಕೂತ ಹಿರಿಯರು ಕೇಳೋದು ಒಂದೇ ಮಾತು: "ದೊಡ್ಡ ಸಾಲಿಯವರ ಮುಂದ ನಿಮ್ಮದೇನು ನಡೀತದ? ಸೋಲೋದಾದ್ರ ಯಾಕ ಹೋಗಬೇಕು?" ಆಡಲು ಒಂಬತ್ತು ಮಂದಿ ಬೇಕು. ಇಬ್ಬರ ಮನೆಯಲ್ಲಿ ಈಗಾಗಲೇ ಬ್ಯಾಡ ಅಂದಿದ್ದಾರೆ. ಅದಕ್ಕೇ ಈ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಬರೆಯುತ್ತಿದ್ದೇನೆ.

1984ರಲ್ಲಿ ನೇಪಾಳದ ಕಾಠ್ಮಂಡುವಿನಲ್ಲಿ ಮೊದಲ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆಯಿತು. ಆಗ ಅದಕ್ಕೆ ಸಾಫ್ ಕ್ರೀಡಾಕೂಟ ಎನ್ನುತ್ತಿದ್ದರು. ಏಳು ದೇಶಗಳು ಬಂದಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಮಾಲ್ದೀವ್ಸ್, ಸಮುದ್ರದ ನಡುವಿನ ನಡುಗಡ್ಡೆಗಳ ದೇಶ. 2022ರ ಗಣತಿಯಲ್ಲಿಯೂ ಅಲ್ಲಿದ್ದವರು ಸುಮಾರು 5.15 ಲಕ್ಷ ಜನ. ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ 2011ರಲ್ಲಿ ಸುಮಾರು 18.9 ಲಕ್ಷ ಜನರಿದ್ದರು! ಆ ಮೊದಲ ಕೂಟದಲ್ಲಿ ಭಾರತ ರಾಶಿ ಚಿನ್ನ ಗೆದ್ದಿತು. ಮಾಲ್ದೀವ್ಸಿಗೆ ಒಂದೂ ಚಿನ್ನ ಬರಲಿಲ್ಲ, ಭೂತಾನಕ್ಕೂ ಬರಲಿಲ್ಲ. ಹಂಗಂತ ಅವರು ಮನಿ ಹಿಡಿದು ಕೂಡಲಿಲ್ಲ. 2019ರಲ್ಲಿ ಅದೇ ಕಾಠ್ಮಂಡುವಿನಲ್ಲಿ 100 ಮೀಟರ್ ಓಟದ ಚಿನ್ನ ಗೆದ್ದವರು ಮಾಲ್ದೀವ್ಸಿನ ಹಸನ್ ಸಾಯಿದ್. ನಡುವೆ 35 ವರ್ಷ ಹೋಗಿದ್ದವು.

ಅಷ್ಟು ದೂರ ಯಾಕ? ನಮ್ಮ ಭಾರತವೂ ಒಮ್ಮೆ ಹೊಸದಾಗಿಯೇ ಹೋಗಿತ್ತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವೆರ್ಪ್ ಒಲಿಂಪಿಕ್ಸಿಗೆ ನಮ್ಮ ದೇಶದ ಮೊದಲ ತಂಡ ಹೋಯಿತು. ದೊರಾಬ್ಜಿ ಟಾಟಾ ಅವರು ಹಣದ ಸಹಾಯ ಮಾಡಿದ್ದರು. ಬೆರಳೆಣಿಕೆಯ ಓಟಗಾರರು, ಇಬ್ಬರು ಕುಸ್ತಿ ಪೈಲವಾನರು, ಅಷ್ಟೇ ತಂಡ. ಅವರಲ್ಲಿ ಒಬ್ಬರು ನಮ್ಮ ಪಕ್ಕದ ಬೆಳಗಾವಿಯ ಫಡೆಪ್ಪ ಚೌಗುಲೆ! ಅವರು ಮ್ಯಾರಥಾನಿನ 42.75 ಕಿಲೋಮೀಟರನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಗೆದ್ದವರು ಫಿನ್ಲೆಂಡಿನ ಕೊಲೆಹ್ಮೈನನ್. ಅವರಿಗೂ ನಮ್ಮವರಿಗೂ 18 ನಿಮಿಷದ ಅಂತರ. ಆ ತಂಡ ಒಂದೂ ಪದಕ ತರಲಿಲ್ಲ. ಎಂಟು ವರ್ಷಗಳ ನಂತರ, 1928ರಲ್ಲಿ, ಭಾರತ ಹಾಕಿಯಲ್ಲಿ ಚಿನ್ನ ತಂದಿತು.

ನನ್ನ ಅಭಿಪ್ರಾಯ ಇಷ್ಟೇ. ಮೊದಲ ಸಲ ಹೋದವರಿಗೆ ಬಹುಮಾನ ಸಿಗದಿದ್ದರೂ ಒಂದು ಅಳತಿ ಸಿಗುತ್ತದೆ. ನಾವು 18 ನಿಮಿಷ ಹಿಂದಿದ್ದೇವೆಯೋ, 18 ಅಂಕ ಹಿಂದಿದ್ದೇವೆಯೋ ಎಂಬುದು ಮನೆಯಲ್ಲಿ ಕೂತವರಿಗೆ ಹೆಂಗ ಗೊತ್ತಾಗಬೇಕು? ನಾವು ಕೃಷ್ಣಾ ಹೊಳಿ ದಂಡಿಯವರು. ದಂಡಿಗೆ ಕೂತು ಈಜು ಕಲಿತವರನ್ನು ಈ ಊರಲ್ಲಿ ಯಾರಾದರೂ ನೋಡಿದ್ದೀರಾ?

ಖರ್ಚಿನ ಮಾತು ಸುಳ್ಳಲ್ಲ. ಆದರೆ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಸರಕಾರಿ ಬಸ್ಸಿಗೆ ರೊಕ್ಕ ಕೊಡಬೇಕಾಗಿಲ್ಲ. ಬುತ್ತಿ ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತೇವೆ. ಓದು ಹಾಳಾಗುತ್ತದೆ ಎನ್ನುವವರಿಗೆ ಒಂದು ಮಾತು: ಜಾತ್ರಿಗೆ, ಮದುವಿಗೆ ನಾವು ಸಾಲಿ ಬಿಟ್ಟ ದಿನ ಇದಕ್ಕಿಂತ ಹೆಚ್ಚು.

ಆದ್ದರಿಂದ ಆ ಇಬ್ಬರು ಗೆಳತಿಯರ ಅಪ್ಪ-ಅವ್ವನವರಲ್ಲಿ ನನ್ನ ಕಳಕಳಿಯ ವಿನಂತಿ: ಒಂದು ದಿನ ಕಳಿಸಿಕೊಡ್ರಿ. ಗೆದ್ದು ಬರ್ತೀವಿ ಅಂತ ನಾನು ಆಣಿ ಮಾಡೋದಿಲ್ಲ. ಸೋತರೂ ಎಷ್ಟು ಅಂಕದಿಂದ ಸೋತೆವು, ಎಲ್ಲಿ ತಪ್ಪಿದೆವು ಎಂಬುದನ್ನು ಮುಚ್ಚಿಡದೆ ಇದೇ ಗೋಡೆಯ ಮೇಲೆ ಬರೆದು ಹಚ್ಚುತ್ತೇನೆ. ಮುಂದಿನ ವರ್ಷ ಹೋಗುವವರಿಗೆ ಅದು ಬೇಕಾಗುತ್ತದೆ.